ಗಡಿ ದಾಟದ ನಿರಾಶ್ರಿತರು



ಶ್ರೀಲಂಕೆಯ ತಲೈಮನ್ನಾರಿನ ದಂಡೆಯಿಂದ ನಮ್ಮ ಧನುಷ್ಕೋಟಿಗೆ ಸಮುದ್ರದ ದಾರಿ ಸುಮಾರು 30 ಕಿಲೋಮೀಟರು. 1983ರ ಜುಲೈಯಲ್ಲಿ ಆ ದ್ವೀಪದ ತಮಿಳರ ಮೇಲೆ ನಡೆದ ಹತ್ಯಾಕಾಂಡದಿಂದ ಹಿಡಿದು 2009ರ ಮೇ ತಿಂಗಳಲ್ಲಿ ಯುದ್ಧ ಮುಗಿಯುವ ತನಕ, ಈ ನೀರಿನ ದಾರಿಯನ್ನು ದೋಣಿಗಳಲ್ಲಿ ದಾಟಿ ಬಂದವರ ಸಂಖ್ಯೆ ಲಕ್ಷವನ್ನು ಮೀರುತ್ತದೆ. ಅವರನ್ನು ನಾವು ನಿರಾಶ್ರಿತರೆಂದು ಕರೆದೆವು. ನಿರಾಶ್ರಿತರ ಕುರಿತ 1951ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಆದರೂ ಮಂಡಪಂ ಶಿಬಿರದಲ್ಲಿ ಅವರ ಹೆಸರು ಬರೆದುಕೊಂಡರು, ತಲೆಯ ಮೇಲೊಂದು ಸೂರು ಕೊಟ್ಟರು, ಅಕ್ಕಿಯನ್ನೂ ಅಲ್ಪಸ್ವಲ್ಪ ಸಹಾಯಧನವನ್ನೂ ಕೊಟ್ಟರು. ಅದೇ ಊರಿನ ಅದೇ ಮನೆಯಲ್ಲಿ ದೋಣಿಗೆ ಕೊಡಲು ಹಣವಿಲ್ಲದೆಯೋ, ಹಾಸಿಗೆ ಹಿಡಿದ ತಾಯಿಯನ್ನು ಬಿಟ್ಟು ಬರಲಾರದೆಯೋ ಉಳಿದುಹೋದ ತಮ್ಮನ ಗತಿ ಏನಾಯಿತು? ಅವನ ಮನೆಯೂ ಸುಟ್ಟುಹೋಗಿದೆ, ಅವನೂ ಮಕ್ಕಳ ಕೈಹಿಡಿದು ಊರು ಬಿಟ್ಟಿದ್ದಾನೆ. ಆದರೆ ಅವನು ಹೋದದ್ದು ಸಮುದ್ರದ ಕಡೆಗಲ್ಲ, ಕಾಡಿನ ಕಡೆಗೆ. ಅವನು ನಿರಾಶ್ರಿತನಲ್ಲ, ಕಾನೂನಿನ ಭಾಷೆಯಲ್ಲಿ ಅವನಿಗೆ ಬಹುಕಾಲ ಒಂದು ಹೆಸರೇ ಇರಲಿಲ್ಲ.

ಮತ್ತಾಯನ ಶುಭಸಂದೇಶದ ಎರಡನೆಯ ಅಧ್ಯಾಯವನ್ನು ನೀವು ಕ್ರಿಸ್ತಜಯಂತಿಯ ದಿನಗಳಲ್ಲಿ ಪ್ರತಿವರ್ಷ ಕೇಳುತ್ತೀರಿ. ತಿರುಕುಟುಂಬ ಈಜಿಪ್ಟಿಗೆ ಹೋಗಿ ಬದುಕಿಕೊಂಡಿತು, ಏಕೆಂದರೆ ಹೆರೋದನ ಆಜ್ಞೆ ಆ ನೆಲದಲ್ಲಿ ನಡೆಯುತ್ತಿರಲಿಲ್ಲ. ಬೆತ್ಲೆಹೇಮಿನ ಉಳಿದ ತಾಯಂದಿರು ಗಡಿ ದಾಟಲಿಲ್ಲ. ಅವರನ್ನು ಕಾಪಾಡಬೇಕಾಗಿದ್ದ ಅರಸನೇ ಸೈನಿಕರನ್ನು ಕಳುಹಿಸಿದ್ದ. ಅಂತರ್ಯುದ್ಧದಲ್ಲಿ ಸ್ವಂತ ದೇಶದೊಳಗೇ ನೆಲೆ ಕಳೆದುಕೊಂಡವರ ಕಷ್ಟದ ತಿರುಳು ಇಲ್ಲಿದೆ. ಅವರನ್ನು ರಕ್ಷಿಸುವ ಹೊಣೆ ಹೊತ್ತ ಸರ್ಕಾರವೇ ಆ ಯುದ್ಧದ ಒಂದು ಪಕ್ಷವಾಗಿರುತ್ತದೆ. ಎದುರು ಪಕ್ಷದ ಕೈಯಲ್ಲಿಯೂ ಬಂದೂಕು ಇರುತ್ತದೆ, ಹೊಣೆ ಮಾತ್ರ ಯಾವುದೂ ಇರುವುದಿಲ್ಲ. ಇದನ್ನು ಮನ್ನಾರ್ ಧರ್ಮಪ್ರಾಂತ್ಯದ ಮಡುಮಾತೆಯ ಪುಣ್ಯಕ್ಷೇತ್ರದ ಕಥೆಯ ಮೂಲಕ ನಿಮ್ಮ ಮುಂದಿಡಬೇಕೆಂದು ನನ್ನ ಆಸೆ. ಏಕೆಂದರೆ ಆ ಕ್ಷೇತ್ರ ಹುಟ್ಟಿದ್ದೇ ಊರು ಬಿಟ್ಟು ಓಡಿದವರಿಂದ.

ಮಡು ಎಂದರೆ ತಮಿಳಿನಲ್ಲಿಯೂ ಕನ್ನಡದಲ್ಲಿಯೂ ಆಳವಾದ ನೀರಿನ ತಾಣ. ಪೋರ್ಚುಗೀಸರ ಕಾಲದಲ್ಲಿ ಮನ್ನಾರಿನ ಹತ್ತಿರದ ಮಾಂತೈ ಎಂಬಲ್ಲಿ ಆರೋಗ್ಯಮಾತೆಯ ಒಂದು ದೇವಾಲಯವಿತ್ತು. 1658ರಲ್ಲಿ ಡಚ್ಚರು ಮನ್ನಾರನ್ನೂ ಜಾಫ್ನಾವನ್ನೂ ಗೆದ್ದುಕೊಂಡ ಮೇಲೆ ಕಥೋಲಿಕ ಯಾಜಕರನ್ನು ಹೊರಹಾಕಿದರು. ಯಾಜಕರಿಗೆ ಮನೆಯಲ್ಲಿ ಆಶ್ರಯ ಕೊಡುವುದು ಘೋರ ಅಪರಾಧವಾಯಿತು. 1670ರ ಸುಮಾರಿಗೆ ಮಾಂತೈಯ ಇಪ್ಪತ್ತು ಕುಟುಂಬಗಳು ಮಾತೆಯ ಸ್ವರೂಪವನ್ನು ಹೊತ್ತುಕೊಂಡು ವನ್ನಿಯ ಕಾಡಿಗೆ ಹೋದವು. ಅದೇ ಕಾಲದಲ್ಲಿ ಜಾಫ್ನಾದ ಕಡೆಯಿಂದ ಏಳುನೂರರಷ್ಟು ಮಂದಿ ಅದೇ ಕಾಡನ್ನು ಹೊಕ್ಕರು. ಇಬ್ಬರೂ ಸೇರಿದ ಜಾಗವೇ ಮಡು ಎಂಬುದು ಆ ಕ್ಷೇತ್ರದ ಪರಂಪರೆ. ಡಚ್ಚರ ಆಳ್ವಿಕೆಗೆ ಸಿಕ್ಕದಿರಲು ಅವರು ಆರಿಸಿಕೊಂಡ ಕೋಟೆ ಆ ಕಾಡು. ಅಲ್ಲಿ ಹಾವಿನ ಕಾಟ ಎಷ್ಟಿತ್ತೆಂದರೆ, ಮಡುವಿನ ಮಣ್ಣು ಹಾವಿನ ವಿಷಕ್ಕೆ ಮದ್ದು ಎಂಬ ನಂಬಿಕೆ ಬೆಳೆದು, ಬೌದ್ಧರೂ ಹಿಂದೂಗಳೂ ಆ ಮಣ್ಣನ್ನು ಮನೆಗೆ ಒಯ್ಯುವ ಪದ್ಧತಿ ಇಂದಿಗೂ ಇದೆ.

ಈ ಅನಾಥ ಸಭೆಗೆ ಯಾಜಕರಾಗಿ ಬಂದವರು ನಮಗೆ ಅಪರಿಚಿತರಲ್ಲ. ಗೋವೆಯ ಬೆಣವಲಿಯಲ್ಲಿ ಹುಟ್ಟಿದ ಸಂತ ಜೋಸೆಫ್ ವಾಜರು 1681ರಿಂದ ಮೂರು ವರ್ಷ ಕೆನರಾ ಕರಾವಳಿಯಲ್ಲಿ ಸೇವೆ ಸಲ್ಲಿಸಿದರು. ಮಂಗಳೂರು, ಬಸ್ರೂರು, ಗಂಗೊಳ್ಳಿ, ಕಲ್ಯಾಣಪುರದ ಹಿರಿಯರಿಗೆ ಅವರ ನೆನಪು ಮನೆಮಾತು. ಮುಡಿಪುವಿನ ಗುಡ್ಡಕ್ಕೆ ನಿಮ್ಮಲ್ಲಿ ಅನೇಕರು ಯಾತ್ರೆ ಹೋಗಿದ್ದೀರಿ. ಅದೇ ವಾಜರು 1687ರಲ್ಲಿ ಭಿಕ್ಷುಕನ ವೇಷದಲ್ಲಿ ಜಾಫ್ನಾ ತಲಪಿ, 1711ರಲ್ಲಿ ಕ್ಯಾಂಡಿಯಲ್ಲಿ ದೈವಾಧೀನರಾಗುವ ತನಕ ಆ ಅಡಗಿದ ಸಭೆಯನ್ನು ಸಲಹಿದರು. ಅವರನ್ನು ಸಂತರೆಂದು ಘೋಷಿಸಿದ್ದು 2015ರ ಜನವರಿ 14ರಂದು, ಕೊಲಂಬೊದಲ್ಲಿ. ಅಂದೇ ಮಧ್ಯಾಹ್ನ ಜಗದ್ಗುರು ಫ್ರಾನ್ಸಿಸರು ಮಡುವಿಗೆ ಹೋಗಿ ಯುದ್ಧದಲ್ಲಿ ಆಪ್ತರನ್ನು ಕಳೆದುಕೊಂಡವರ ನಡುವೆ ಪ್ರಾರ್ಥಿಸಿದರು.

ಈಗ 1990ಕ್ಕೆ ಬರೋಣ. ಆ ವರ್ಷದ ಜೂನ್‌ನಲ್ಲಿ ಸರ್ಕಾರಕ್ಕೂ ಎಲ್‌ಟಿಟಿಇಗೂ ಯುದ್ಧ ಮತ್ತೆ ಹೊತ್ತಿಕೊಂಡಿತು. ಮನ್ನಾರ್ ಜಿಲ್ಲೆಯ ಜನ ತಮ್ಮ ಪೂರ್ವಿಕರು ಮುನ್ನೂರು ವರ್ಷಗಳ ಹಿಂದೆ ಮಾಡಿದ್ದನ್ನೇ ಮಾಡಿದರು. ಗಂಟುಮೂಟೆ ಕಟ್ಟಿ ಮಡುವಿಗೆ ನಡೆದರು. ಯಾತ್ರಿಕರಿಗಾಗಿ ಇದ್ದ ಕಾಡಿನಂಗಳದಲ್ಲಿ ತೆಂಗಿನ ಗರಿಯ ಗುಡಿಸಲುಗಳು ಎದ್ದವು, ಹತ್ತಾರು ಸಾವಿರ ಜನ ಸೇರಿದರು. ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನ್ ಕಚೇರಿ ಆಗ ಶ್ರೀಲಂಕೆಯಲ್ಲಿ ಇದ್ದದ್ದು ಬೇರೊಂದು ಕೆಲಸಕ್ಕೆ, ಭಾರತದಿಂದ ಮರಳಿದವರನ್ನು ನೋಡಿಕೊಳ್ಳುವುದಕ್ಕೆ. ಗಡಿ ದಾಟದವರಿಗೆ ಸಹಾಯ ಮಾಡುವ ಅಧಿಕಾರ ಅದರ ನಿಯಮಗಳಲ್ಲಿ ನೇರವಾಗಿ ಇರಲಿಲ್ಲ. ಆದರೂ ಮಡುವಿನಲ್ಲಿಯೂ ಮನ್ನಾರ್ ದ್ವೀಪದ ಪೇಸಾಲೈಯಲ್ಲಿಯೂ ಅದು ‘ಮುಕ್ತ ಪರಿಹಾರ ಕೇಂದ್ರ’ಗಳನ್ನು ತೆರೆಯಿತು.

ಮುಕ್ತ ಎಂಬ ಮಾತನ್ನು ಗಮನಿಸಿ. ಅಲ್ಲಿಗೆ ಬೇಲಿಯಿರಲಿಲ್ಲ. ಬರುವವರು ಬರಬಹುದು, ಹೋಗುವವರು ಹೋಗಬಹುದು. ಹೊಲ ಹತ್ತಿರವಿದ್ದವರು ಹಗಲು ಉಳುಮೆಗೆ ಹೋಗಿ ಬರಲು ಅಡ್ಡಿಯಿರಲಿಲ್ಲ. ಆಯುಧ ಹಿಡಿದವರು ಮಾತ್ರ ಒಳಗೆ ಬರಕೂಡದು. ಆ ಕಾಡು ಎಲ್‌ಟಿಟಿಇ ಹಿಡಿತದಲ್ಲಿದ್ದರೂ ಅಕ್ಕಿ ಬರುತ್ತಿದ್ದದ್ದು ಸರ್ಕಾರದ ಕಡೆಯಿಂದ, ಎರಡೂ ಸೇನೆಗಳ ನಡುವಿನ ರೇಖೆಯನ್ನು ದಾಟಿ. ಇದೆಲ್ಲ ಯಾವ ಕಾನೂನಿನ ಬಲದಿಂದ ನಡೆಯಿತೆಂದು ಕೇಳಿದರೆ ಉತ್ತರವಿಲ್ಲ. ಎರಡು ಪಕ್ಷಗಳ ಮೌಖಿಕ ಒಪ್ಪಿಗೆ, ದೇವಾಲಯದ ಮೇಲಿನ ಗೌರವ, ಅಲ್ಲಿ ಪರದೇಶದ ಅಧಿಕಾರಿಯೊಬ್ಬ ಇದ್ದಾನೆಂಬ ಸಂಕೋಚ, ಇಷ್ಟರ ಮೇಲೆ ಅದು ನಿಂತಿತ್ತು. ತಮಿಳುನಾಡಿಗೆ ಜನ ಬಾರದಂತೆ ತಡೆಯುವುದೇ ಈ ಕೇಂದ್ರಗಳ ಒಳ ಉದ್ದೇಶವೆಂದು ಟೀಕಿಸಿದವರಿದ್ದಾರೆ. ಟೀಕೆಯಲ್ಲಿ ಸತ್ಯವಿಲ್ಲವೆನ್ನಲಾರೆ. ಆದರೆ ದೋಣಿಗೆ ಹಣವಿಲ್ಲದವನಿಗೆ ಆ ಕಾಡು ಬಿಟ್ಟು ಬೇರೆ ಯಾವ ದಾರಿ ಇತ್ತೆಂದು ಟೀಕಾಕಾರರು ಹೇಳುವುದಿಲ್ಲ.

ಒಪ್ಪಿಗೆಯ ಮೇಲೆ ನಿಂತದ್ದು ಒಪ್ಪಿಗೆ ಮುರಿದಾಗ ಬಿತ್ತು. 1999ರ ಮಾರ್ಚ್‌ನಲ್ಲಿ ಸೇನೆ ಮಡುವನ್ನು ವಶಪಡಿಸಿಕೊಂಡಿತು; ನವೆಂಬರ್‌ನಲ್ಲಿ ಎಲ್‌ಟಿಟಿಇ ಪ್ರತಿದಾಳಿ ಮಾಡಿತು. ಆ ತಿಂಗಳ 20ರಂದು ದೇವಾಲಯದ ಆವರಣದ ಮೇಲೆ ಬಿದ್ದ ಷೆಲ್‌ಗಳಿಗೆ ಆಶ್ರಯಕ್ಕೆಂದು ಬಂದಿದ್ದ ನಲವತ್ತಕ್ಕೂ ಹೆಚ್ಚು ಜನ ಬಲಿಯಾದರು. ಎರಡು ಕಡೆಯವರೂ ಪರಸ್ಪರರ ಮೇಲೆ ದೋಷ ಹೊರಿಸಿದರು. ಮನ್ನಾರಿನ ಧರ್ಮಾಧ್ಯಕ್ಷ ರಾಯಪ್ಪು ಜೋಸೆಫರು ಮಡುವನ್ನು ಸೇನಾಮುಕ್ತ ವಲಯವೆಂದು ಘೋಷಿಸಬೇಕೆಂದು ಮತ್ತೆ ಮತ್ತೆ ಬೇಡಿಕೊಂಡರು. 2008ರ ಏಪ್ರಿಲ್‌ನಲ್ಲಿ ಷೆಲ್‌ಗಳು ದೇವಾಲಯವನ್ನು ಮತ್ತೊಮ್ಮೆ ತಾಕಿದಾಗ, ಯಾಜಕರು ಮಾತೆಯ ಸ್ವರೂಪವನ್ನೇ ಎತ್ತಿಕೊಂಡು ಕಡಲತೀರದ ತೇವನ್‌ಪಿಟ್ಟಿಗೆ ಹೋದರು. 1670ರಲ್ಲಿ ಬಂದ ಮಾತೆ 2008ರಲ್ಲಿ ಮತ್ತೆ ಊರು ಬಿಟ್ಟಳು. ಆಗಸ್ಟ್‌ನಲ್ಲಿ ಆಕೆ ಮರಳಿದಾಗ ಕ್ಷೇತ್ರವಿತ್ತು, ಸುತ್ತಲಿನ ಊರುಗಳಲ್ಲಿ ಭಕ್ತರಿರಲಿಲ್ಲ.

ಇಲ್ಲಿಯವರೆಗೆ ನಮ್ಮವರ ಕಥೆ ಹೇಳಿದೆ. ಅದೇ ಮನ್ನಾರಿನ ಇನ್ನೊಂದು ಕಥೆಯನ್ನು ಹೇಳದಿದ್ದರೆ ಅನ್ಯಾಯವಾದೀತು. 1990ರ ಅಕ್ಟೋಬರ್ ಕೊನೆಯ ವಾರದಲ್ಲಿ ಎಲ್‌ಟಿಟಿಇ ಉತ್ತರ ಪ್ರಾಂತ್ಯದ ಮುಸ್ಲಿಮರೆಲ್ಲರೂ ಊರು ಬಿಡಬೇಕೆಂದು ಆಜ್ಞೆ ಮಾಡಿತು. ಜಾಫ್ನಾ ನಗರದಲ್ಲಿ ಕೊಟ್ಟ ಗಡುವು ಎರಡು ಗಂಟೆ. ಚಿನ್ನ, ಹಣ, ಪಾತ್ರೆಪಗಡಿ ಎಲ್ಲವನ್ನೂ ಕಸಿದುಕೊಂಡು ದಾರಿಖರ್ಚಿಗಷ್ಟೇ ಬಿಟ್ಟರು. ತಮಿಳನ್ನೇ ಆಡುವ, ಅದೇ ಸಮುದ್ರದಲ್ಲಿ ಮೀನು ಹಿಡಿಯುವ ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಹೀಗೆ ಹೊರಬಿದ್ದರು. ಮನ್ನಾರಿನವರನ್ನು ದೋಣಿಗಳಲ್ಲಿ ದಕ್ಷಿಣದ ಕಲ್ಪಿಟಿಯಕ್ಕೆ ಸಾಗಿಸಲಾಯಿತು. ಹೆಚ್ಚಿನವರು ಪುತ್ತಳಂ ಜಿಲ್ಲೆಯ ಶಿಬಿರಗಳಲ್ಲಿ ನೆಲೆ ನಿಂತರು. ಅವರನ್ನು ಅಲ್ಲಿ ಮೊದಲು ಬರಮಾಡಿಕೊಂಡವರು, ಅನ್ನ ಬಡಿಸಿದವರು, ತೆಂಗಿನ ತೋಟದಲ್ಲಿ ಗುಡಿಸಲಿಗೆ ಜಾಗ ಕೊಟ್ಟವರು ಪುತ್ತಳಂನ ಮುಸ್ಲಿಮರು.

ಈ ಆತಿಥ್ಯ ಆಮೇಲೆ ಏನಾಯಿತು ಎಂಬುದನ್ನು ನಿಧಾನವಾಗಿ ನೋಡಬೇಕು, ಏಕೆಂದರೆ ಇಂತಹ ಕಡೆ ನೀತಿಯೂ ಸಮಾಜವೂ ಹೆಣೆದುಕೊಂಡಿರುತ್ತವೆ. ಪುತ್ತಳಂ ಒಣ ಪ್ರದೇಶ. ಕುಡಿಯುವ ನೀರು ಕಡಿಮೆ, ಶಾಲೆಯ ಬೆಂಚು ಕಡಿಮೆ, ಉಪ್ಪಿನ ಗದ್ದೆಯ ಮತ್ತು ಈರುಳ್ಳಿ ಹೊಲದ ಕೂಲಿ ಕಡಿಮೆ. ಬಂದವರು ಹೊಟ್ಟೆಪಾಡಿಗೆ ಅಗ್ಗದ ಕೂಲಿಗೆ ದುಡಿದರು. ಅದರಿಂದ ಸ್ಥಳೀಯ ಕೂಲಿಯವನ ದಿನಗೂಲಿಗೂ ಪೆಟ್ಟು ಬಿತ್ತು. ಬಂದವರಿಗೆ ಸರ್ಕಾರದ ಪಡಿತರ ಸಿಕ್ಕಿತು. ಅವರಷ್ಟೇ ಬಡವನಾದ ನೆರೆಯವನಿಗೆ ಸಿಗಲಿಲ್ಲ. ಅತಿಥಿಗಳನ್ನು ಮನೆಯೊಳಗೆ ಕರೆದವರೇ ಹತ್ತು ವರ್ಷಗಳ ಮೇಲೆ ಬೇಸರದಿಂದ ನೋಡತೊಡಗಿದರು. ಅವರನ್ನು ದೂರುವುದು ಸುಲಭ. ನಮ್ಮ ಮನೆಗೆ ಬಂದ ನೆಂಟರು ಹತ್ತು ದಿನ ಉಳಿದರೆ ನಮಗೆ ಏನನ್ನಿಸುತ್ತದೆ ಎಂಬುದನ್ನು ನಾವೇ ಬಲ್ಲೆವು!

ಇನ್ನೊಂದು ಇಕ್ಕಟ್ಟು ಕಾಗದದ್ದು. ಪುತ್ತಳಂನ ಮತದಾರರಾಗಿ ಹೆಸರು ಬರೆಸಿದರೆ ಪಡಿತರವೂ ಉತ್ತರದ ಜಮೀನಿನ ಹಕ್ಕೂ ಕೈಬಿಟ್ಟುಹೋದೀತೆಂಬ ಭಯ. ಬರೆಸದಿದ್ದರೆ ಊರಿನ ಯಾವ ಸೌಲಭ್ಯಕ್ಕೂ ಬಾಧ್ಯರಲ್ಲ. ಹೀಗೆ ಒಂದು ಪೀಳಿಗೆ ಎರಡು ಊರುಗಳ ನಡುವೆ, ಎರಡಕ್ಕೂ ಸೇರದೆ ಬೆಳೆಯಿತು. 2007ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಆರಂಭವಾದ ವಸತಿ ಯೋಜನೆ ಬಂದವರ ಜೊತೆಗೆ ಸ್ಥಳೀಯ ಬಡವರಿಗೂ ಮನೆ ಮತ್ತು ನೀರು ಕೊಡಲು ಹೊರಟಿತು. ಹದಿನೇಳು ವರ್ಷ ತಡವಾದರೂ ಅದು ವಿವೇಕದ ಹೆಜ್ಜೆ ಎಂದು ನನ್ನ ಅಭಿಪ್ರಾಯ.

ಯುದ್ಧ ಮುಗಿದ ಮೇಲೆ ಈ ಜನ ಮನ್ನಾರಿಗೆ ಮರಳಲು ಹೊರಟಾಗ ‘ಹೊಸಬರು’ ಮತ್ತು ‘ಹಳಬರು’ ಎಂಬ ವಿಂಗಡಣೆ ಎದುರಾಯಿತು. 2008ರ ಏಪ್ರಿಲ್ ನಂತರ ಊರು ಬಿಟ್ಟವರು ಹೊಸಬರು. ನೆರವಿನ ಮೊದಲ ಪಾಲು ಅವರಿಗೆ. 1990ರವರು ಹಳಬರು, ಅವರ ಸರದಿ ಆಮೇಲೆ. ಮುಸಲಿ ಪ್ರದೇಶಕ್ಕೆ ಹೋದವರು ತಮ್ಮ ಮನೆಯ ಅಡಿಪಾಯವನ್ನು ಮರಗಳ ಬುಡದಲ್ಲಿ ಹುಡುಕಬೇಕಾಯಿತು, ಇಪ್ಪತ್ತು ವರ್ಷಗಳಲ್ಲಿ ಹೊಲ ಕಾಡಾಗಿತ್ತು. 2012ರಲ್ಲಿ ಆ ಕಾಡಿನ ಭಾಗಗಳು ರಕ್ಷಿತ ಅರಣ್ಯವೆಂದು ಘೋಷಿತವಾದವು. ಆಗ ಜಮೀನಿನ ಒಡೆಯರೇ ಕಾಡು ಕಡಿಯುವವರೆಂಬ ಅಪವಾದಕ್ಕೆ ಗುರಿಯಾದರು.

ಜಮೀನಿನ ವಿಷಯದಲ್ಲಿ ಕಾನೂನೂ ಅವರಿಗೆ ಎದುರಾಗಿತ್ತು. ಹತ್ತು ವರ್ಷ ಅಡೆತಡೆಯಿಲ್ಲದೆ ಅನುಭೋಗದಲ್ಲಿದ್ದವನಿಗೆ ಆ ನೆಲದ ಮೇಲೆ ಹಕ್ಕು ಹುಟ್ಟುತ್ತದೆ ಎಂಬುದು ಬ್ರಿಟಿಷರು 1871ರಲ್ಲಿ ಮಾಡಿದ ಶಾಸನ. ಶಾಂತಿಕಾಲಕ್ಕೆ ಅದು ಸರಿಯೇ. ಬಂದೂಕಿನ ಭಯದಿಂದ ಓಡಿದವನಿಗೆ ಅಡೆತಡೆ ಮಾಡುವ ಅವಕಾಶವಾದರೂ ಎಲ್ಲಿತ್ತು? ಕೊನೆಗೆ 2016ರಲ್ಲಿ ಶ್ರೀಲಂಕೆಯ ಸಂಸತ್ತು ವಿಶೇಷ ಕಾಯಿದೆ ಮಾಡಿ, 1983ರ ಮೇ 1ರಿಂದ 2009ರ ಮೇ 18ರವರೆಗೆ ಉಗ್ರರ ಹಾವಳಿಯಿಂದ ನ್ಯಾಯಾಲಯಕ್ಕೆ ಹೋಗಲಾರದೆ ಇದ್ದವರ ವಿರುದ್ಧ ಆ ಕಾಲವನ್ನು ಎಣಿಸಬಾರದೆಂದು ಹೇಳಿತು. ಊರು ಬಿಟ್ಟವರ ಕುರಿತು ಭಾಷಣಗಳು ಬಹಳ. ಇಂತಹ ಒಂದು ಸಣ್ಣ ಕಾಯಿದೆ ಅವುಗಳೆಲ್ಲಕ್ಕಿಂತ ಬೆಲೆಯುಳ್ಳದ್ದು.

ಕಾನೂನಿನ ಮಾತು ಬಂದದ್ದರಿಂದ ಇಷ್ಟನ್ನು ಸೇರಿಸುತ್ತೇನೆ. 1992ರಲ್ಲಿ ವಿಶ್ವಸಂಸ್ಥೆ ಸೂಡಾನಿನ ರಾಜನೀತಿಜ್ಞ ಫ್ರಾನ್ಸಿಸ್ ಡೆಂಗ್ ಅವರನ್ನು ಈ ಹೆಸರಿಲ್ಲದ ಜನರ ಕುರಿತ ಪ್ರತಿನಿಧಿಯಾಗಿ ನೇಮಿಸಿತು. 1993ರಲ್ಲಿ ಅವರು ಶ್ರೀಲಂಕೆಗೂ ಬಂದರು. 1998ರಲ್ಲಿ ಅವರು ಮೂವತ್ತು ಮಾರ್ಗದರ್ಶಿ ತತ್ತ್ವಗಳನ್ನು ಮಂಡಿಸಿದರು. ದೇಶದೊಳಗೆ ನೆಲೆ ತಪ್ಪಿದವರೂ ಪೂರ್ಣ ನಾಗರಿಕರು. ಅವರನ್ನು ಕಾಪಾಡುವುದು ಸರ್ಕಾರದ ಮೊದಲ ಕರ್ತವ್ಯ. ಅವರನ್ನು ಶಿಬಿರದಲ್ಲಿ ಕೂಡಿಹಾಕಬಾರದು. ಅಪಾಯವಿರುವಲ್ಲಿಗೆ ಬಲವಂತವಾಗಿ ಕಳುಹಿಸಬಾರದು. ಮರಳುವುದು ಅವರ ಸ್ವಇಚ್ಛೆಯಿಂದ, ಘನತೆಯಿಂದ ನಡೆಯಬೇಕು. ಇವು ಒಪ್ಪಂದವಲ್ಲ, ಆದ್ದರಿಂದ ಯಾವ ಸರ್ಕಾರವನ್ನೂ ಕಟ್ಟಿಹಾಕಲಾರವು. ಆಫ್ರಿಕದ ದೇಶಗಳು ಮಾತ್ರ 2009ರಲ್ಲಿ ಕಂಪಾಲದಲ್ಲಿ ಸೇರಿ ಇದನ್ನು ಒಪ್ಪಂದವಾಗಿ ಮಾಡಿಕೊಂಡವು. ನಮ್ಮ ಏಷ್ಯಾದಲ್ಲಿ ಅಂಥದ್ದೊಂದು ಇಲ್ಲ. 2024ರ ಕೊನೆಯಲ್ಲಿ ಜಗತ್ತಿನಲ್ಲಿ ಸಂಘರ್ಷದ ಕಾರಣ ಸ್ವದೇಶದೊಳಗೇ ನೆಲೆ ತಪ್ಪಿದ್ದವರ ಸಂಖ್ಯೆ ಏಳು ಕೋಟಿಯನ್ನು ಮೀರಿತ್ತು.

ಆ ತತ್ತ್ವಗಳ ಮಾತು ವನ್ನಿಯವರೆಗೆ ತಲಪಲಿಲ್ಲ. 2008ರ ಸೆಪ್ಟೆಂಬರ್‌ನಲ್ಲಿ ಸರ್ಕಾರದ ಸೂಚನೆಯಂತೆ ವಿಶ್ವಸಂಸ್ಥೆಯ ಅಧಿಕಾರಿಗಳು ಕಿಳಿನೊಚ್ಚಿಯಿಂದ ಹೊರಟರು. ಹೋಗಬೇಡಿರೆಂದು ಜನ ಕಚೇರಿಯ ಬಾಗಿಲಲ್ಲಿ ನಿಂತು ಬೇಡಿಕೊಂಡರು. ಅಲ್ಲಿಂದಾಚೆಗೆ ಸೇನೆ ಮುನ್ನಡೆದಂತೆ ಜನ ಪೂರ್ವಕ್ಕೆ ಸರಿದರು. ಒಂದೊಂದು ಕುಟುಂಬ ಹತ್ತಕ್ಕೂ ಹೆಚ್ಚು ಬಾರಿ ಗುಡಿಸಲು ಕಿತ್ತು ಕಟ್ಟಿತು. ಎಲ್‌ಟಿಟಿಇ ಅವರನ್ನು ಹೊರಹೋಗಲು ಬಿಡಲಿಲ್ಲ. ತಪ್ಪಿಸಿಕೊಂಡವರ ಮೇಲೆ ಗುಂಡು ಹಾರಿಸಿತು, ಮನೆಗೊಬ್ಬರಂತೆ ಮಕ್ಕಳನ್ನು ಪಡೆಗೆ ಎಳೆದೊಯ್ದಿತು. ಮದುವೆಯಾದವರನ್ನು ಒಯ್ಯಲಾರರೆಂಬ ಆಸೆಯಿಂದ ತಂದೆತಾಯಿಗಳು ಎಳೆಯ ಹೆಣ್ಣುಮಕ್ಕಳಿಗೆ ಆತುರದ ಮದುವೆ ಮಾಡಿದರು. ಸೇನೆ ತಾನೇ ‘ಗುಂಡುರಹಿತ ವಲಯ’ವೆಂದು ಘೋಷಿಸಿದ ಜಾಗದ ಮೇಲೆ ಷೆಲ್‌ಗಳು ಬಿದ್ದವು.

ಆ ದಿನಗಳಲ್ಲಿ ಜನರ ತಲೆ ಎಣಿಸುವುದೇ ಒಂದು ಯುದ್ಧವಾಗಿತ್ತು. ಎಲ್‌ಟಿಟಿಇ ಪ್ರದೇಶದಲ್ಲಿ ಸಿಕ್ಕಿಬಿದ್ದವರು ಸುಮಾರು 70,000 ಎಂದು 2009ರ ಆರಂಭದಲ್ಲಿ ಕೊಲಂಬೊ ಹೇಳಿತು. ಅಲ್ಲಿಯೇ ಇದ್ದ ಸರ್ಕಾರದ ಜಿಲ್ಲಾ ಅಧಿಕಾರಿಗಳ ಲೆಕ್ಕ ಅದರ ನಾಲ್ಕು ಪಟ್ಟಿಗೂ ಹೆಚ್ಚಿತ್ತು. ಅಕ್ಕಿ ಮತ್ತು ಔಷಧ ಹೋಗುತ್ತಿದ್ದದ್ದು ಮೊದಲ ಲೆಕ್ಕದ ಪ್ರಕಾರ. ಕೊನೆಗೆ ಹೊರಬಂದವರೇ ಎರಡೂಮುಕ್ಕಾಲು ಲಕ್ಷಕ್ಕೂ ಹೆಚ್ಚು! ಕರಾವಳಿಯ ಕಥೋಲಿಕರಾದ ನಮಗೆ ಇದರ ಅರ್ಥ ಬೇಗ ಆಗಬೇಕು. 1784ರಲ್ಲಿ ಶ್ರೀರಂಗಪಟ್ಟಣಕ್ಕೆ ಸೆರೆ ಹೋದ ನಮ್ಮ ಹಿರಿಯರು ಎಷ್ಟು ಮಂದಿ? ಒಂದು ಪುಸ್ತಕ 30,000 ಎನ್ನುತ್ತದೆ, ಇನ್ನೊಂದು 60,000, ಮತ್ತೊಂದು 80,000. ಹೊತ್ತಿನಲ್ಲಿ ಎಣಿಸದಿದ್ದರೆ ಆಮೇಲೆ ಜಗಳವಷ್ಟೇ ಉಳಿಯುತ್ತದೆ.

ಧರ್ಮಾಧ್ಯಕ್ಷ ರಾಯಪ್ಪು ಜೋಸೆಫರು ಅದಕ್ಕಾಗಿಯೇ ಸರ್ಕಾರದ ಕಡತಗಳನ್ನೇ ಹಿಡಿದರು. 2011ರ ಜನವರಿಯಲ್ಲಿ ಸರ್ಕಾರ ನೇಮಿಸಿದ್ದ ಆಯೋಗದ ಮುಂದೆ ಅವರು ಇಟ್ಟದ್ದು ಒಂದು ಕಳೆಯುವ ಲೆಕ್ಕ. 2008ರ ಅಕ್ಟೋಬರ್ ಆರಂಭದಲ್ಲಿ ಮುಲ್ಲೈತೀವು ಮತ್ತು ಕಿಳಿನೊಚ್ಚಿ ಜಿಲ್ಲಾ ಕಚೇರಿಗಳ ಪ್ರಕಾರ ಇದ್ದ ಜನ 4,29,059. 2009ರ ಜುಲೈ 10ರ ವೇಳೆಗೆ ಸರ್ಕಾರದ ಕಡೆಗೆ ಬಂದವರು 2,82,380. ಉಳಿದ 1,46,679 ಮಂದಿ ಏನಾದರು? ಅವರೆಲ್ಲರೂ ಸತ್ತರೆಂದು ಅವರು ಹೇಳಲಿಲ್ಲ, ವಿವರಣೆ ಕೊಡಿರೆಂದರು. ಸತ್ತ ನಾಗರಿಕರು 40,000ದವರೆಗೂ ಇರಬಹುದೆಂದು ವಿಶ್ವಸಂಸ್ಥೆಯ ತಜ್ಞರು ಅದೇ ವರ್ಷ ಬರೆದರು. ಧರ್ಮಾಧ್ಯಕ್ಷರು 2021ರ ಏಪ್ರಿಲ್ 1ರಂದು ನಿಧನರಾದರು. ಅವರ ಲೆಕ್ಕಕ್ಕೆ ಉತ್ತರ ಬರಲಿಲ್ಲ. ಆ ಕಾಣೆಯಾದವರಲ್ಲಿ ಒಬ್ಬ ಯಾಜಕರೂ ಇದ್ದಾರೆ. ಜಾಫ್ನಾದ ಸಂತ ಪ್ಯಾಟ್ರಿಕ್ ಕಾಲೇಜಿನ ಪ್ರಾಂಶುಪಾಲರಾಗಿದ್ದ ವಂದನೀಯ ಫ್ರಾನ್ಸಿಸ್ ಜೋಸೆಫರು 2009ರ ಮೇ 18ರಂದು ಶರಣಾದವರೊಂದಿಗೆ ಸೇನೆಯ ಬಸ್ಸು ಹತ್ತಿದ್ದನ್ನು ಜನ ನೋಡಿದ್ದಾರೆ. ಆಮೇಲೆ ಯಾರೂ ಅವರನ್ನು ನೋಡಿಲ್ಲ.

ಹೊರಬಂದವರನ್ನು ವವುನಿಯಾ ಬಳಿಯ ಮೆನಿಕ್ ಫಾರ್ಮ್ ಎಂಬ ಶಿಬಿರದಲ್ಲಿ ಇರಿಸಲಾಯಿತು. ಅದರ ವಲಯಗಳಿಗೆ ರಾಮನಾಥನ್, ಅರುಣಾಚಲಂ, ಆನಂದ ಕುಮಾರಸ್ವಾಮಿ ಎಂದು ತಮಿಳು ಮಹನೀಯರ ಹೆಸರುಗಳಿದ್ದವು, ಸುತ್ತ ಮುಳ್ಳುತಂತಿಯೂ ಸೈನಿಕರೂ ಇದ್ದರು. ಹತ್ತಿರದ ಪಟ್ಟಣದಲ್ಲಿ ಬಂಧುಗಳಿದ್ದರೂ ಅವರ ಮನೆಗೆ ಹೋಗುವಂತಿರಲಿಲ್ಲ. 2009ರ ಡಿಸೆಂಬರ್‌ವರೆಗೆ ಹೀಗೆಯೇ. ಮಡುವಿನ ಬೇಲಿಯಿಲ್ಲದ ಕೇಂದ್ರವನ್ನು ನೆನೆದುಕೊಂಡರೆ, ಹತ್ತೊಂಬತ್ತು ವರ್ಷಗಳಲ್ಲಿ ಎಷ್ಟು ಹಿಂದೆ ಬಂದಿದ್ದರೆಂದು ತಿಳಿಯುತ್ತದೆ.

2012ರ ಸೆಪ್ಟೆಂಬರ್ 24ರಂದು ಮೆನಿಕ್ ಫಾರ್ಮ್ ಮುಚ್ಚಿತು. ಎಲ್ಲರೂ ಊರಿಗೆ ಮರಳಿದರೆಂದು ಸರ್ಕಾರ ಹೇಳಿತು. ಅಂದು ಹೊರಟ ಕೊನೆಯ ಬಸ್ಸುಗಳಲ್ಲಿ ಮುಲ್ಲೈತೀವು ಜಿಲ್ಲೆಯ ಕೆಪ್ಪಾಪಿಲವು ಎಂಬ ಹಳ್ಳಿಯ ಕುಟುಂಬಗಳಿದ್ದವು. ಅವರ ಮನೆ, ತೋಟ, ಬಾವಿ ಎಲ್ಲದರ ಮೇಲೆ ಸೇನೆಯ ನೆಲೆ ಎದ್ದಿತ್ತು. ಆದ್ದರಿಂದ ಅವರನ್ನು ಊರಿಗೆ ಒಯ್ಯದೆ ಸೀನಿಯಾಮೊಟ್ಟೈ ಎಂಬಲ್ಲಿ ಕಾಡು ಸವರಿದ ಬಯಲಿನಲ್ಲಿ ಇಳಿಸಿದರು. 2017ರ ಮಾರ್ಚ್‌ನಲ್ಲಿ ಆ ಹಳ್ಳಿಯ ಹೆಂಗಸರು ಸೇನಾನೆಲೆಯ ದ್ವಾರದ ಎದುರು ಚಪ್ಪರ ಹಾಕಿ, ತಮ್ಮ ಜಮೀನಿನ ಕಾಗದಗಳೊಂದಿಗೆ ಕುಳಿತರು. ವರ್ಷದ ಕೊನೆಯಲ್ಲಿ ಒಂದಷ್ಟು ನೆಲ ಬಿಟ್ಟುಕೊಟ್ಟರು, ಕೆಲವು ಮನೆಯವರು ಒಳಗೆ ಹೋದರು. ತಮ್ಮ ಪಾಲಿನ ನೆಲ ಸಿಗದವರು ಮಾರನೆಯ ದಿನವೂ ಬಂದು ಅದೇ ಚಪ್ಪರದಲ್ಲಿ ಕುಳಿತರು.